ಮನೆ ಕಡೆ ಮುಖ

ಗುರುವಪ್ಪನ ಜೀಪಿನ ಸ್ಟೀರಿಂಗ್ ಬಾಕ್ಸ್ ಒಡೆದದ್ದು ಮೇ ತಿಂಗಳ ಕೊನೆಗೆ. ಚಕ್ರ ಉರುಳುತ್ತಿತ್ತು, ಹೇಳಿದ ಕಡೆ ತಿರುಗುತ್ತಿರಲಿಲ್ಲ. ಹಗ್ಗ ಕಟ್ಟಿ ಎಳೆದರೆ ಮೊದಲ ತಿರುವಿನಲ್ಲೇ ಚರಂಡಿಗೆ ಬೀಳುವುದು ಖಂಡಿತ. ಟ್ರೈಲರಿನ ಮೇಲೆ ಏರಿಸಿಯೇ ಒಯ್ಯಬೇಕು. ಒಯ್ಯುವುದೂ ಕುಶಾಲನಗರದ ಜವರಯ್ಯನ ಶೆಡ್ಡಿಗೇ. ಬರ್ಮಾದ ಯುದ್ಧದಲ್ಲಿ ಎಡಗಾಲು ಕಳೆದುಕೊಂಡು ಬಂದ ಗುರುವಪ್ಪನಿಗಾಗಿ, ಕ್ಲಚ್ಚನ್ನು ಕೈಯಲ್ಲಿ ಎಳೆಯುವ ಹಾಗೆ ಕಬ್ಬಿಣದ ಲಿವರ್ ಕೂಡಿಸಿಕೊಟ್ಟವನು ಆ ಜವರಯ್ಯ. ಇದೊಂದನ್ನು ಬಿಟ್ಟು ಬೇರೆ ಜೀಪನ್ನು ಗುರುವಪ್ಪ ಓಡಿಸಲಾರ.

ಹಿಂದಿನ ವರ್ಷ ಯಾವುದೋ ಬಿಡಿಭಾಗ ಸಿಗದೆ ಮಳೆಗಾಲವಿಡೀ ಜೀಪು ಕೊಟ್ಟಿಗೆಯಲ್ಲಿ ನಿಂತಿತ್ತು. ಮೂರ್ನಾಡಿನಾಚೆ ಗುಡ್ಡದ ಮೇಲಿನ ಆ ಮನೆಯ ಜಗಲಿಯಲ್ಲಿ ಗುರುವಪ್ಪ ಒಂದೇ ಕುರ್ಚಿಯಲ್ಲಿ ಕೂತುಬಿಟ್ಟ. ಮೊದಲು ತೋಟದ ಮಾತು ನಿಂತಿತು, ಆಮೇಲೆ ಊಟದ ಮಾತು, ಆಮೇಲೆ ಮಾತೇ ನಿಂತಿತು. ನಾಟಿ ಮುಗಿಯಿತೆಂದು ಹೆಂಡತಿ ದಮಯಂತಿ ಬಂದು ಹೇಳಿದರೆ ‘ಹೂಂ’ ಎನ್ನಲೂ ಅವನಿಗೆ ಹೊತ್ತು ಹಿಡಿಯುತ್ತಿತ್ತು. ಇನ್ನೊಂದು ಮಳೆಗಾಲಕ್ಕೆ ಗಂಡನನ್ನು ಆ ಕುರ್ಚಿಗೆ ಬಿಟ್ಟುಕೊಡುವುದಿಲ್ಲವೆಂದು ದಮಯಂತಿ ದೇವರ ದೀಪದ ಮುಂದೆ ನಿಂತು ನಿಶ್ಚಯಿಸಿಕೊಂಡಳು. ಯಾರಿಗೂ ಹೇಳಲಿಲ್ಲ. ನಾಪೋಕ್ಲಿನಲ್ಲಿದ್ದ ಅಣ್ಣ ಬೋಜಪ್ಪನಿಗೆ ಹೇಳಿ ಕಳಿಸಿದಳು, ಅಷ್ಟೆ.

ಬೋಜಪ್ಪನದೂ ಅಂಥದೇ ಜೀಪು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದಾಗ ಭಾವ, ಭಾವಮೈದ ಒಟ್ಟಿಗೇ ಹೋಗಿ ಕೊಂಡದ್ದು. ಒಂದೇ ಅಚ್ಚು, ಒಂದೇ ತೂಕ. ಅವನು ಜೀಪು ತಂದ, ಮರ ಸಾಗಿಸುವ ಎರಡು ಚಕ್ರದ ಟ್ರೈಲರನ್ನೂ ತಂದ. ಧೈರ್ಯವನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದಿದ್ದ.

“ನಾನು ಸ್ಟೀರಿಂಗ್ ಹಿಡಿಯಲಿಕ್ಕಿಲ್ಲ ಮಾರಾಯ್ತಿ. ತನ್ನಷ್ಟೇ ಭಾರದ್ದನ್ನು ಬಾಲಕ್ಕೆ ಕಟ್ಟಿಕೊಂಡು ಬೋಯಿಕೇರಿಯ ಇಳಿಜಾರು ಇಳಿಯುವುದೆಂದರೆ ಎಂಥ ಆಟವಾ? ಎರಡೂ ಹೋದರೆ ಎರಡು ಮನೆಯವರೂ ನಡೆದೇ ತಿರುಗಬೇಕು.”

“ನೀನು ಕೂತ್ಕೋ ಅಣ್ಣ. ನಾನು ಹಿಡೀತೇನೆ.”

“ನೀನಾ?”

“ಕಾಫಿ ಮೂಟೆ ಹೇರಿಕೊಂಡು ಮಡಿಕೇರಿಗೆ ಓಡಿಸಿದ್ದು ಮತ್ತೆ ಯಾರು, ನಿನ್ನ ಹೆಂಡತಿಯಾ?”

ಗುರುವಪ್ಪ ಊರುಗೋಲಿನ ಮೇಲೆ ಅಂಗಳಕ್ಕಿಳಿದ. ಟ್ರೈಲರಿನ ಟಯರನ್ನು ಒತ್ತಿ ನೋಡಿದ, ಕೊಕ್ಕೆಯ ಪಿನ್ನು ಎಳೆದು ನೋಡಿದ, ಕೊಕ್ಕೆ ಕಳಚಿದರೂ ಹಿಡಿದುಕೊಳ್ಳಲೆಂದು ಅದರಡಿಗೆ ಸರಪಳಿಗಳನ್ನು ಅಡ್ಡಡ್ಡ ಹಾಕಿಸಿದ. ಬಹಳ ದಿನದ ಮೇಲೆ ಅವನ ದನಿ ಅಂಗಳದಲ್ಲಿ ಕೇಳಿತು. “ಮೂತಿ ಮುಂದಕ್ಕೆ ಮಾಡಿ ಏರಿಸಿ. ಎಂಜಿನ್ನಿನ ಭಾರ ಕೊಕ್ಕೆ ಕಡೆಗೇ ಬೀಳಬೇಕು.”

ಆಗ ಅವನ ತಾಯಿ ತಂಗಮ್ಮ ಕುಂಕುಮದ ಬಟ್ಟಲು ಹಿಡಿದು ಹೊರಗೆ ಬಂದಳು. “ಮೂತಿ ಮನೆ ಕಡೆಗೆ ಇರಲಿ. ಬೆನ್ನು ತೋರಿಸಿ ಹೋಗಬಾರದು.”

“ಅತ್ತೆ, ಅದು ಜೀಪು,” ಎಂದಳು ದಮಯಂತಿ.

“ಯುದ್ಧಕ್ಕೆ ಹೊರಟಾಗ ಇವನನ್ನು ಈ ಮೆಟ್ಟಿಲಿನಿಂದ ಹಿಂದಕ್ಕೆ ಹೆಜ್ಜೆ ಇಡಿಸಿ ಇಳಿಸಿದ್ದೆ. ಮನೆ ನೋಡಿಕೊಂಡೇ ಗದ್ದೆ ಬದುವಿನವರೆಗೆ ಹೋದ. ಕೂಡ ಹೋದವರಲ್ಲಿ ಎಷ್ಟು ಜನ ಬಂದರು? ಇವ ಬಂದ. ಆ ಜೀಪು ಇವನ ಕಾಲು. ಅದೂ ಮನೆ ನೋಡಿಕೊಂಡೇ ಹೋಗಲಿ, ಹಾಗೇ ಬರಲಿ.”

ಭಾರದ ಲೆಕ್ಕವನ್ನು ಗುರುವಪ್ಪ ಯಾರೊಡನೆ ಬೇಕಾದರೂ ವಾದಿಸಬಲ್ಲ. ಆದರೆ ತನ್ನನ್ನು ಮನೆಗೆ ಕರೆತಂದದ್ದು ಆ ಮೆಟ್ಟಿಲೆಂದು ನಂಬಿರುವ ತಾಯಿಯ ಮುಂದೆ ಅವನು ಆ ಲೆಕ್ಕವನ್ನು ಬಿಟ್ಟುಕೊಟ್ಟ. ಜೀಪಿನ ಮೂತಿಯನ್ನು ಮನೆ ಕಡೆಗೆ ಮಾಡಿಯೇ ಏರಿಸಿದರು. ನಾಲ್ಕು ಚಕ್ರಕ್ಕೂ ಅಡೆ ಕೊಟ್ಟರು, ಹಗ್ಗ ಬಿಗಿದರು. ತಗ್ಗಬೇಕಾಗಿದ್ದ ಬೋಜಪ್ಪನ ಜೀಪಿನ ಹಿಂಭಾಗ, ಯಾರೋ ಕೆಳಗಿನಿಂದ ಎತ್ತಿದ ಹಾಗೆ ಮೇಲೆದ್ದಿತು.

ಗುರುವಪ್ಪ ಅದನ್ನು ನೋಡಿದ. ಹೆಂಡತಿಯನ್ನು ಹತ್ತಿರ ಕರೆದ. “ಬಾಲ ಬೀಸಲಿಕ್ಕೆ ಶುರುಮಾಡಿದರೆ ಬ್ರೇಕ್ ಮೆಟ್ಟಬೇಡ. ಸ್ಟೀರಿಂಗ್ ಆ ಕಡೆ ಈ ಕಡೆ ತಿರುಗಿಸಿ ಸರಿಮಾಡಲಿಕ್ಕೂ ಹೋಗಬೇಡ. ನೇರ ಹಿಡಿ, ಎಕ್ಸಲರೇಟರಿನಿಂದ ಕಾಲು ತೆಗಿ. ಅದರಷ್ಟಕ್ಕೇ ನಿಧಾನ ಆಗಲಿ.”

“ನೀವೂ ಬನ್ನಿ.”

“ಕಾಯುವವ ಮನೆಯಲ್ಲಿರಬೇಕಂತೆ,” ಎಂದು ಅವನು ಅಮ್ಮನ ಕಡೆ ನೋಡಿ ನಕ್ಕ. ಅಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಮಗನ ಕಾಲನ್ನು ಜವರಯ್ಯನ ಕೈಗೆ ತಾನೇ ಒಪ್ಪಿಸಿ, ಕುಶಾಲನಗರದಲ್ಲಿ ಕಾವೇರಮ್ಮನಿಗೆ ಕೈಮುಗಿದು ಬರುತ್ತೇನೆಂದು ಅವಳ ಹಟ. ಬೋಜಪ್ಪ ಹಿಂದೆ, ಸೀಟು ಬಿಚ್ಚಿದ ಜಾಗದಲ್ಲಿ ಮಡಚಿ ಹಾಕಿದ ಗೋಣಿತಾಟಿನ ಮೇಲೆ ಕೂತ.

ಮಡಿಕೇರಿಯವರೆಗೆ ಏರುದಾರಿ. ಜೀಪು ನರಳುತ್ತಾ ಹತ್ತಿತು, ಟ್ರೈಲರು ತೆಪ್ಪಗೆ ಹಿಂದೆ ಬಂತು. ಪೇಟೆ ದಾಟಿ ಇಳಿಜಾರು ಸಿಕ್ಕಿತು. ದಮಯಂತಿ ಗೇರು ತಗ್ಗಿಸಿದಳು. ಎರಡು ತಿರುವು ಚೆನ್ನಾಗಿಯೇ ಕಳೆಯಿತು. ಮುಂದೆ ನೇರ ಇಳಿಜಾರಿನಲ್ಲಿ ವೇಗ ತುಸು ಏರಿತೋ ಇಲ್ಲವೋ, ಬೆನ್ನ ಹಿಂದೆ ಏನೋ ಸರಿದ ಹಾಗಾಯಿತು. ಸ್ಟೀರಿಂಗ್ ಹಗುರವಾಯಿತು. ಟ್ರೈಲರು ಎಡಕ್ಕೆ ಬೀಸಿತು, ಜೀಪಿನ ಹಿಂಭಾಗವನ್ನೂ ಎಳೆದುಕೊಂಡಿತು. ಬಲಕ್ಕೆ ಬೀಸಿತು, ಮೊದಲಿಗಿಂತ ಜೋರಾಗಿ. ಎಡಗಡೆ ತೋಟದಲ್ಲಿ ನೆರಳಿಗೆಂದು ಬೆಳೆಸಿದ ಎತ್ತರದ ಬೆಳ್ಳಿಮರಗಳ ತುದಿಗಳು ರಸ್ತೆಯ ಮಟ್ಟಕ್ಕಿದ್ದವು. ಅಷ್ಟು ಆಳ.

“ಬ್ರೇಕ್! ಬ್ರೇಕ್ ಹಾಕು!” ಎಂದು ಬೋಜಪ್ಪ ಕೂಗಿದ.

ಅವಳ ಕಾಲು ಬ್ರೇಕಿನ ಹತ್ತಿರ ಹೋಗಿ ನಿಂತಿತು. ಚಿಕ್ಕಂದಿನಲ್ಲಿ ಅಪ್ಪ ದೀಪದ ಮುಂದೆ ಯುದ್ಧದ ಪದ್ಯ ಓದುವಾಗ, ಬಿಲ್ಲು ಹಿಡಿದವರ ಹೆಸರು ಬಂದರೆ ದನಿ ಏರುತ್ತಿತ್ತು, ಸಾರಥಿಯ ಮಾತು ಬಂದರೆ ತಗ್ಗುತ್ತಿತ್ತು. ಕಂಬಕ್ಕೊರಗಿ ಕೂತ ಹುಡುಗಿ ಆ ತಗ್ಗಿದ ದನಿಗೇ ಕಿವಿಗೊಟ್ಟು ಬೆಳೆದಿದ್ದಳು. ಎಲ್ಲರೂ ಕೂಗುವಾಗ ಕೂಗದೆ ಇರುವವನು ಆ ಸಾರಥಿಯೊಬ್ಬನೇ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು. ಸ್ಟೀರಿಂಗ್ ನೇರ ಹಿಡಿದಳು. ಅದು ಒದ್ದಾಡಿದರೂ ಬಿಡಲಿಲ್ಲ, ತಿರುಗಿಸಲೂ ಇಲ್ಲ. ಬೀಸು ಒಂದು ಸಲ ಕಡಿಮೆಯಾಯಿತು, ಮತ್ತೊಂದು ಸಲ ಇನ್ನೂ ಕಡಿಮೆಯಾಯಿತು. ಎಂಜಿನ್ನೇ ಹಿಡಿದು ಹಿಡಿದು ಗಾಡಿಯನ್ನು ನಡಿಗೆಯ ವೇಗಕ್ಕೆ ತಂದಿತು. ಒಂದು ಎಸ್ಟೇಟಿನ ಗೇಟಿನೆದುರು ಸಮತಟ್ಟು ಜಾಗ ಕಂಡಿತು. ಅಲ್ಲಿ ನಿಲ್ಲಿಸಿದಳು.

ಬೋಜಪ್ಪ ಇಳಿದು ಚರಂಡಿಯ ಕಲ್ಲಿನ ಮೇಲೆ ಕೂತ. “ಸಾಕು. ಇಲ್ಲೇ ಬಿಟ್ಟು ಹೋಗುವ.”

“ಬಿಟ್ಟು ಹೋಗಲಿಕ್ಕೂ ಇಲ್ಲ, ಹೀಗೆ ಇಳಿಯಲಿಕ್ಕೂ ಇಲ್ಲ,” ಎಂದಳು ದಮಯಂತಿ. ಅತ್ತೆಯ ಕಡೆ ತಿರುಗಿದಳು. “ಅತ್ತೆ, ಭಾರವೆಲ್ಲ ಹಿಂದೆ ಉಂಟು. ಅದಕ್ಕೇ ಬಾಲ ನಮ್ಮನ್ನು ಆಡಿಸಿದ್ದು. ಮೂತಿ ಮುಂದಕ್ಕೆ ತಿರುಗಿಸಬೇಕು. ನೀವು ಬೇಡವೆಂದರೆ ನಾನು ತಿರುಗಿಸಲಿಕ್ಕಿಲ್ಲ. ಆದರೆ ಇಲ್ಲಿಂದ ಮುಂದೆ ಓಡಿಸಲಿಕ್ಕೂ ಇಲ್ಲ.”

ತಂಗಮ್ಮ ಇಳಿದು ಹೋಗಿ ಮಗನ ಜೀಪಿನ ಮುಂದೆ ನಿಂತಳು. ಬೆಳಿಗ್ಗೆ ತಾನೇ ಇಟ್ಟ ಕುಂಕುಮ ಹಾಗೇ ಇತ್ತು. ಕಣ್ಣು ಮುಚ್ಚಿ ಇಗ್ಗುತಪ್ಪ ದೇವರನ್ನು ನೆನೆದಳು. ಸೊಸೆ ಕಾದಳು. ಆಕಾಶದಲ್ಲಿ ತೆಂಕಣ ದಿಕ್ಕು ಕಪ್ಪಾಗುತ್ತಿತ್ತು, ಆದರೂ ಅವಸರಪಡಿಸಲಿಲ್ಲ.

ಕಡೆಗೆ ತಂಗಮ್ಮ ಕಣ್ಣು ತೆರೆದಳು. “ಬೋಜಪ್ಪ, ನೀನು ಮುಂದೆ ಕೂತ್ಕೋ. ಆ ಗೋಣಿತಾಟು ನನಗೆ ಬಿಡು.”

“ಎಂಥಕ್ಕೆ?”

“ಅದು ಮುಂದೆ ನೋಡಲಿ. ಅದರ ಬದಲು ನಾನು ಮನೆ ನೋಡಿಕೊಂಡು ಕೂತ್ಕೊಳ್ತೇನೆ. ಮಗನನ್ನು ಕಳಿಸಿದವಳು ನಾನಲ್ಲವಾ? ದೇವರಿಗೆ ಅಷ್ಟು ಗೊತ್ತಾಗದಾ?”

ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಶಾಂತಪ್ಪ ಗೇಟಿಗೆ ಬಂದ. ಸಂಗತಿ ಕೇಳಿ, ಕೆಲಸ ಬಿಟ್ಟು ತಮ್ಮ ಲೈನುಮನೆಗಳಿಗೆ ಹೊರಟಿದ್ದ ಆಳುಗಳನ್ನು ಕರೆದ. ಹಲಗೆ ಇಟ್ಟು ಜೀಪನ್ನು ಮೆಲ್ಲಗೆ ಇಳಿಸಿದರು. ಚಕ್ರ ತಿರುಗದ್ದರಿಂದ ಎಲ್ಲರೂ ಬಂಪರಿಗೆ ಕೈ ಕೊಟ್ಟು, ಮೂತಿಯನ್ನು ಎತ್ತಿ ಎತ್ತಿ ಇಡುತ್ತಾ ಸುತ್ತಿಸಬೇಕಾಯಿತು. ಬೋಜಪ್ಪ ದೂರ ನಿಂತು “ಹಾಂ, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ” ಎನ್ನುತ್ತಿದ್ದ.

“ಮೀಸೆ ಇರುವ ಅಣ್ಣ, ಬಾಯಿ ಸಾಕು, ಒಂದು ಕೈಯೂ ಹಾಕಿ,” ಎಂದಳು ಆಳುಗಳಲ್ಲೊಬ್ಬಳು, ಸೀರೆ ಎತ್ತಿ ಕಟ್ಟಿದ್ದ ಮುತ್ತಿ. ಎಲ್ಲರೂ ನಕ್ಕರು. ನಗುವಿನ ಜೊತೆಗೇ ಜೀಪಿನ ಮೂತಿ ಮುಂದಕ್ಕೆ ಬಂತು. ಬೋಜಪ್ಪನೂ ಹೆಗಲು ಕೊಟ್ಟ.

ಮತ್ತೆ ಏರಿಸಿದಾಗ ಎಂಜಿನ್ನು ಟ್ರೈಲರಿನ ಚಕ್ರಕ್ಕಿಂತ ಮುಂದೆ ಬಂದು ಕೂತಿತು. ಎಳೆಯುವ ಜೀಪಿನ ಹಿಂಭಾಗ ತುಸು ತಗ್ಗಿತು. ದಮಯಂತಿ ಕೊಕ್ಕೆಯನ್ನು ಕೈಯಿಂದ ಎತ್ತಿ ನೋಡಿದಳು, ಅಲುಗಲಿಲ್ಲ. ಹಗ್ಗ, ಅಡೆ, ಸರಪಳಿ ಎಲ್ಲವನ್ನೂ ಬೆಳಿಗ್ಗೆ ಗಂಡ ನೋಡಿದ ಹಾಗೆ ಒಂದೊಂದಾಗಿ ಮುಟ್ಟಿ ನೋಡಿದಳು. ಸ್ವಲ್ಪ ದೂರ ಹೋಗಿ ನಿಲ್ಲಿಸಿ, ಹಗ್ಗ ಸಡಿಲವಾಯಿತೇ ಎಂದು ಇನ್ನೊಮ್ಮೆ ನೋಡಿದಳು.

ತಂಗಮ್ಮ ಹಿಂದಕ್ಕೆ ಮುಖ ಮಾಡಿ ಕೂತಿದ್ದಳು. ಮಗನ ಜೀಪಿನ ಎರಡು ದೀಪಗಳು ಎದುರಿನಿಂದ ಅವಳನ್ನೇ ನೋಡುತ್ತಿದ್ದವು, ಅವುಗಳಾಚೆ ಮನೆಯ ಕಡೆಗೆ ಹೋಗುವ ರಸ್ತೆ. ದಾರಿಯುದ್ದಕ್ಕೂ ಅವಳು ಸುದ್ದಿ ಹೇಳುತ್ತಾ ಬಂದಳು: “ಸರಪಳಿ ಸರಿ ಉಂಟು… ಬಲಗಡೆ ಹಗ್ಗ ಗಟ್ಟಿ ಉಂಟು… ಹಿಂದೆ ಬಸ್ಸು ಬಂತು, ಬಿಡು, ಹೋಗಲಿ.”

“ಬಾಲ ಆಡ್ತದಾ ಅತ್ತೆ?”

“ಇಲ್ಲ. ಸಾಧು ಹಸುವಿನ ಹಾಗೆ ಬರ್ತಾ ಉಂಟು. ನನ್ನ ಭಾರವೂ ಕೊಕ್ಕೆಗೆ ಬಿತ್ತಲ್ಲ!”

ಸುಂಟಿಕೊಪ್ಪ ಕಳೆಯಿತು, ಆನೆಕಾಡಿನ ಇಳಿಜಾರು ಕಳೆಯಿತು. ಬಸ್ಸುಗಳು, ಲಾರಿಗಳು, ಒಂದು ಎತ್ತಿನ ಗಾಡಿಯೂ ಅವರನ್ನು ಹಿಂದೆ ಹಾಕಿ ಹೋದವು. ಎತ್ತಿನ ಗಾಡಿ ಮುಂದೆ ಹೋದಾಗ ಬೋಜಪ್ಪ ತಲೆ ತಗ್ಗಿಸಿಕೊಂಡ. ದಮಯಂತಿ ಗೇರು ಬದಲಿಸಲಿಲ್ಲ.

ಕಾವೇರಿಯ ಸೇತುವೆ ದಾಟಿದರೆ ಕೊಡಗು ಮುಗಿದು ಆಗಿನ ಮೈಸೂರು ರಾಜ್ಯ. ಈಚೆ ದಡದಲ್ಲೇ ಜವರಯ್ಯನ ಶೆಡ್ಡು. ಅವನು ಕೈ ಒರೆಸಿಕೊಳ್ಳುತ್ತಾ ಬಂದು, ಮೊದಲು ಜೀಪಿನೊಳಗೆ ಬಗ್ಗಿ ತಾನು ಮಾಡಿದ ಲಿವರನ್ನು ಎಳೆದು ನೋಡಿದ. “ಇದು ಚೆಂದಾಗಿ ಅದೆ. ಬಾಕ್ಸು ಬಿಚ್ಚಿ ಮಾಡ್ಕೊಡ್ತೀನಿ ಕಣವ್ವ. ಮಳೆ ಹಿಡ್ಕೊಳ್ಳೋಕೆ ಮುಂಚೆ ಸಾಹೇಬರ ಗಾಡಿ ಮನೆ ಮುಂದೆ ನಿಂತಿರ್ತದೆ. ಅಲ್ಲ, ಇದನ್ನ ಇಲ್ಲೀಗಂಟ ತಂದೋರ್ಯಾರು?”

“ನನ್ನ ತಂಗಿ,” ಎಂದ ಬೋಜಪ್ಪ, ತಾನೇ ಓಡಿಸಿದಷ್ಟು ಗತ್ತಿನಿಂದ.

ತಂಗಮ್ಮ ಹೊಳೆಗೆ ಹೋಗಿ ಕೈಮುಗಿದು, ತಲೆಗೆ ನೀರು ಚಿಮುಕಿಸಿಕೊಂಡು ಬಂದಳು. ಖಾಲಿ ಟ್ರೈಲರಿನೊಂದಿಗೆ ಜೀಪು ಹೊರಡಲು ಸಿದ್ಧವಾಗಿತ್ತು. ಬೋಜಪ್ಪ ಮುಂದಿನ ಸೀಟಿನಲ್ಲಿ ಹಾಯಾಗಿ ಕೂತಿದ್ದ.

“ಏಳು ಬೋಜಪ್ಪ,” ಎಂದಳು ತಂಗಮ್ಮ. “ನೀನು ಹಿಂದೆ ಹೋಗು. ಈಗ ಮನೆ ಮುಂದೆ ಉಂಟು.”