ದಪ್ಪ ಗೆರೆಯ ಚೆಕ್ಕು

ಐಲಿ ಹೆಯ್ಕಲಾಳ ಕಣ್ಣಿನ ನಡುಭಾಗ ಮಸುಕಾಗತೊಡಗಿದ ವರ್ಷ ಅವಳ ತಂಗಿ ಲೆಂಪಿ ಮೊದಲು ಕೇಳಿದ್ದು ಚೆಕ್ ಪುಸ್ತಕವನ್ನು. ಕಾರಿನ ಕೀಲಿಯನ್ನು ಐಲಿ ತಾನಾಗಿಯೇ ಒಪ್ಪಿಸಿದ್ದಳು. ಎದುರಿಗಿದ್ದವರ ಮುಖವೇ ಕಾಣದವಳು ಹಿಮದ ರಸ್ತೆಯಲ್ಲಿ ಕಾರು ಓಡಿಸಬಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚೆಕ್ಕಿನ ಮಾತೇ ಬೇರೆ.

"ನಾನು ಬರೀತೀನಿ, ನೀನು ಸಹಿ ಹಾಕಿದ್ರೆ ಸಾಕು," ಎಂದಳು ಲೆಂಪಿ, ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತಾ. "ಹೋದ ಸಲ ಆ ಸಹಿನೂ ಗೆರೆ ಬಿಟ್ಟು ಎಲ್ಲೋ ಹತ್ತಿ ಕೂತಿತ್ತು."

"ಗೆರೆ ಕಾಣ್ಲಿಲ್ಲ, ಅದಕ್ಕೆ. ಕಾಣೋ ಹಾಗೆ ಗೆರೆ ಎಳೆಯೋಕೆ ಬ್ಯಾಂಕಿನೋರಿಗೆ ಬರಲ್ಲ ಅಂದ್ರೆ ನಾನೇ ಎಳ್ಕೋತೀನಿ."

"ಅಂದ್ರೆ? ಮನೇಲೇ ಚೆಕ್ ಅಚ್ಚು ಹಾಕ್ತೀಯಾ? ಪೊಲೀಸ್‌ನೋರು ಬಂದು ಎಳ್ಕೊಂಡು ಹೋಗ್ತಾರೆ ನೋಡು!"

"ನನ್ನ ಖಾತೆ, ನನ್ನ ಹೆಸರು, ನನ್ನ ದುಡ್ಡು. ಯಾಕೆ ಎಳ್ಕೊಂಡು ಹೋಗ್ತಾರೆ? ಎಷ್ಟೋ ಜನ ಮಾಡ್ಕೋತಾರೆ ಕಣೇ. ಅಂಗಡೀಲಿ ಖಾಲಿ ಚೆಕ್ ಕಾಗದಾನೇ ಮಾರ್ತಾರೆ."

ಐಲಿಗೆ ಅಕ್ಷರವೆಂದರೆ ಹೆದರಿಕೆಯಿಲ್ಲ. ತಾಮ್ರದ ಗಣಿಗಳು ಮುಚ್ಚಿ ಅರ್ಧ ಊರು ಖಾಲಿಯಾದ ಮೇಲೂ ಕ್ಯಾಲ್ಯುಮೆಟ್‌ನಲ್ಲಿ ಉಳಿದ ಅಂಗಡಿಗಳ ಬೋರ್ಡುಗಳನ್ನೆಲ್ಲ ಬರೆದವಳು ಅವಳೇ. ರಸ್ತೆಯ ಆಚೆ ಬದಿಯಿಂದ, ಹಿಮ ಸುರಿಯುವಾಗ, ನಡೆಯುತ್ತಲೇ ಓದುವಂತಿರಬೇಕು ಎಂಬುದು ಅವಳ ಪಟ್ಟು. ದೊಡ್ಡ ಅಕ್ಷರದ ಚೆಕ್ಕುಗಳನ್ನು ಬ್ಯಾಂಕಿನಿಂದಲೂ ಒಮ್ಮೆ ತರಿಸಿ ನೋಡಿದ್ದಳು. ಬೂದು ಬೆಟ್ಟಗಳ ಚಿತ್ರದ ಮೇಲೆ ಬೂದು ಗೆರೆ. ಅದನ್ನು ರೂಪಿಸಿದವನನ್ನು ಮನಸಾರೆ ಬೈದು ಚೆಕ್ಕುಗಳನ್ನು ಮೂಲೆಗೆಸೆದಿದ್ದಳು.

ಕಂಪ್ಯೂಟರಿನ ಪರದೆಯಲ್ಲಿ ಒಂದೊಂದು ಅಕ್ಷರವನ್ನು ಅಂಗೈಯಗಲ ಹಿಗ್ಗಿಸಿ, ತಲೆಯನ್ನು ಪಕ್ಕಕ್ಕೆ ವಾಲಿಸಿ ಕಣ್ಣಂಚಿನಿಂದ ನೋಡುತ್ತಾ ಅವಳು ಕೆಲಸಕ್ಕೆ ಕುಳಿತಳು. ಕೆನೆಬಣ್ಣದ ಕಾಗದ, ಕಡುಗಪ್ಪು ಗೆರೆ, ಸಹಿಗೆ ಧಾರಾಳ ಜಾಗ. ಹೆಸರು, ವಿಳಾಸ, ಕೊನೆಗೆ ಕೆಳತುದಿಯ ಖಾತೆ ಸಂಖ್ಯೆಯ ಸಾಲು, ಎಲ್ಲವನ್ನೂ ಹಿಗ್ಗಿಸಿದಳು. ಮೊದಲ ಹಾಳೆ ಪ್ರಿಂಟರಿನಿಂದ ಬೆಚ್ಚಗೆ ಹೊರಬಂದಾಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತನ್ನ ಹೆಸರನ್ನು ಓದಿದಳು. ಸೌದೆ ತಂದ ರೇನೊನಿಗೆ ಅಂದೇ ಚೆಕ್ ಬರೆದುಕೊಟ್ಟಳು. ಸಹಿ ಗೆರೆಯ ಮೇಲೆಯೇ ಕೂತಿತು.

ಆ ಚೆಕ್ಕು ವಾಪಸಾಯಿತು. ಅದು ಐಲಿಗೆ ಗೊತ್ತಾದದ್ದು ರೇನೊ ಮುಂದಿನ ಸಲ ಸೌದೆ ತಂದಾಗ.

"ಅದಕ್ಕೇನೂ ತಲೆ ಕೆಡಿಸ್ಕೋಬೇಡಿ ಐಲಿ," ಎಂದ ಅವನು, ಟೊಪ್ಪಿ ಕೈಯಲ್ಲಿ ಹಿಡಿದು. "ಲೆಂಪಿಗೆ ಹೇಳ್ದೆ. ಅವ್ರು ಆಗ್ಲೇ ದುಡ್ಡು ಕೊಟ್ಬಿಟ್ರು."

ಐಲಿಯ ಮುಖ ಬಿಸಿಯಾಯಿತು. ಚೆಕ್ಕು ಹಿಂದಕ್ಕೆ ಬಂದದ್ದಕ್ಕಿಂತ, ಅದು ತನ್ನ ಮನೆಯ ಬಾಗಿಲು ದಾಟಿ ತಂಗಿಯ ಮನೆಗೆ ಹೋದದ್ದು ಅವಳನ್ನು ಚುಚ್ಚಿತು.

"ರೇನೊ, ನನ್ನ ಕಣ್ಣು ಹೋಗಿದೆ, ತಲೆ ಹೋಗಿಲ್ಲ. ಇನ್ಮೇಲೆ ನನ್ನ ವಿಷಯ ನನ್ಹತ್ರನೇ ಹೇಳು."

ಅವನು ಟೊಪ್ಪಿಯನ್ನು ಹಿಸುಕುತ್ತಾ ಆಗಲಿ ಎಂದ.

ಮರುದಿನ ಅವಳು ಕೋಲು ಹಿಡಿದು ಬ್ಯಾಂಕಿಗೆ ನಡೆದಳು. ಮ್ಯಾನೇಜರ್ ವೆಂಡೆಲ್ ಟ್ರೆಜೈಸ್ ಎದ್ದು ಬಂದು ಕುರ್ಚಿ ಎಳೆದುಕೊಟ್ಟ.

"ಚಂದದ ಚೆಕ್ಕು, ಆದ್ರೆ ನಮ್ಮ ಮೆಷಿನ್ ಇದನ್ನ ಉಗಿದುಬಿಡ್ತು," ಎಂದ. "ಕೆಳಗಿನ ಸಾಲು ಮನುಷ್ಯರಿಗಲ್ಲ ಐಲಿ, ಮೆಷಿನ್ನಿಗೆ. ಅಳತೆ ಒಂಚೂರೂ ಬದಲಾಗಬಾರ್ದು. ಶಾಯೀಲಿ ಕಬ್ಬಿಣದ ಪುಡಿ ಇರ್ಬೇಕು. ಅದು ಓದೋದು ಅಯಸ್ಕಾಂತದ ಥರ."

ಐಲಿ ನಕ್ಕುಬಿಟ್ಟಳು.

"ಅಂದ್ರೆ ಅದಕ್ಕೂ ನನ್ನ ಥರಾನೇ ಕಣ್ಣಿಲ್ಲ ಅನ್ನು!"

"ಹಾಗೇ ಅಂದ್ಕೊಳಿ."

"ಸರಿ. ಕೆಳಗಡೆ ಅದಕ್ಕೆ ಬೇಕಾದ ಹಾಗೆ ಮಾಡ್ತೀನಿ. ಮೇಲ್ಗಡೆ ನನಗೆ ಬೇಕಾದ ಹಾಗೆ."

ಅಯಸ್ಕಾಂತಕ್ಕೆ ಸಿಗುವ ಆ ಶಾಯಿಯ ಡಬ್ಬಿಯನ್ನು ಅಂಚೆಯಲ್ಲಿ ತರಿಸಿದಳು. ಕೆಳಸಾಲಿನ ಅಕ್ಷರಗಳನ್ನು ಅವುಗಳ ಅಳತೆಗೇ ಬಿಟ್ಟು, ಜಾಗ ಮಾತ್ರ ಸರಿಯಾಗಿ ಕೂರಿಸಲು ಹಾಳೆಯ ಮೇಲೆ ಹಾಳೆ ಕೆಡಿಸಿದಳು. ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ. ಕೆಟ್ಟದ್ದನ್ನೆಲ್ಲ ಹಬೆಸ್ನಾನದ ಕೋಣೆಯಾದ ಸೌನಾದ ಒಲೆಗೆ ಹಾಕಿದಳು. ಬೇಸರವಾಗಲಿಲ್ಲ. ಕೈಗೆ ಮತ್ತೆ ಕೆಲಸ ಸಿಕ್ಕಿತ್ತು.

ಹೊಸ ಚೆಕ್ಕನ್ನು ವೆಂಡೆಲ್ ಅವಳೆದುರೇ ಮೆಷಿನ್ನಿಗೆ ಕೊಟ್ಟ. ಸರ್ರೆಂದು ಒಳಗೆ ಹೋಯಿತು, ಆಚೆ ಬದಿಯಿಂದ ಹೊರಬಂತು. ಅವನು ಬಾಯಿ ತೆರೆಯುವ ಮೊದಲೇ ಐಲಿ, "ಆ ಸದ್ದು ಕೇಳಿಸ್ತು, ಹೇಳ್ಬೇಡ," ಎಂದಳು. ಬ್ಯಾಂಕಿನವರು ಸಹಿಯ ಮಾದರಿ ಇಟ್ಟುಕೊಳ್ಳುವ ಕಾರ್ಡಿನ ಮೇಲೂ ಅಗಲವಾದ ಹೊಸ ಸಹಿ ಹಾಕಿಕೊಟ್ಟು ಬಂದಳು.

ಶನಿವಾರ ಅಕ್ಕತಂಗಿಯರು ದಿನಸಿ ಅಂಗಡಿಗೆ ಹೋದರು. ಕೌಂಟರಿನಲ್ಲಿ ಹೊಸಬಳೊಬ್ಬಳಿದ್ದಳು. ಐಲಿ ಕೊಟ್ಟ ಚೆಕ್ಕನ್ನು ತಿರುಗಿಸಿ ಮುರುಗಿಸಿ ನೋಡಿ, ಐಲಿಯನ್ನು ಬಿಟ್ಟು ಲೆಂಪಿಯತ್ತ ತಿರುಗಿದಳು.

"ಇವ್ರ ಚೆಕ್ಕು... ಇದು ಸರಿಯಾಗಿದ್ಯಾ ಮೇಡಂ?"

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಲೆಂಪಿಯ ಕೈ ಅಭ್ಯಾಸಬಲದಿಂದ ತನ್ನ ಪರ್ಸಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಅವಳು ಅಕ್ಕನ ಮುಖ ನೋಡಿದಳು. ಐಲಿ ಪೆನ್ನಿನ ಮುಚ್ಚಳ ಹಾಕುತ್ತಾ ಆರಾಮಾಗಿ ನಿಂತಿದ್ದಳು.

"ನನ್ನನ್ಯಾಕೆ ಕೇಳ್ತೀಯಮ್ಮಾ?" ಎಂದಳು ಲೆಂಪಿ. "ಚೆಕ್ ಅವಳದ್ದು. ಅವಳನ್ನೇ ಕೇಳು. ಕಿವಿ ಚೆನ್ನಾಗೇ ಕೇಳ್ಸುತ್ತೆ ಅವಳಿಗೆ, ಬೇಡದ್ದೂ ಕೇಳ್ಸುತ್ತೆ."

"ಬ್ಯಾಂಕಿಗೆ ಫೋನ್ ಮಾಡಮ್ಮ," ಎಂದಳು ಐಲಿ. "ಶನಿವಾರ ಮಧ್ಯಾಹ್ನದವರೆಗೂ ಇರ್ತಾರೆ. ನಾನು ಕಾಯ್ತೀನಿ."

ಆ ಹೆಂಗಸು ಫೋನ್ ಮಾಡಿದಳು, ಆಚೆಯ ಮಾತು ಕೇಳಿದಳು, ಚೆಕ್ಕನ್ನು ಗಲ್ಲಾಪೆಟ್ಟಿಗೆಯೊಳಗಿಟ್ಟಳು. "ಇಷ್ಟು ಚೆನ್ನಾಗಿ ಓದೋಕಾಗೋ ಚೆಕ್ ನಾನು ನೋಡೇ ಇರ್ಲಿಲ್ಲ. ಅದಕ್ಕೇ ಅನುಮಾನ ಬಂತು," ಎಂದು ನಾಚಿಕೊಂಡಳು.

"ಅದನ್ನೇ ನಾನು ಬ್ಯಾಂಕಿನೋರಿಗೆ ಹೇಳ್ತಾ ಇರೋದು," ಎಂದಳು ಐಲಿ.

ಹೊರಗೆ ಹಿಮ ಮೆಟ್ಟಿದ ದಾರಿಯಲ್ಲಿ ಲೆಂಪಿ ಎರಡೂ ಚೀಲ ಹೊತ್ತು ಏದುಸಿರು ಬಿಡುತ್ತಿದ್ದಳು.

"ದುಡ್ಡು ಕೊಟ್ಟ ಮಹಾರಾಣಿ ಒಂದು ಚೀಲನಾದ್ರೂ ಹಿಡ್ಕೋಬಾರ್ದಾ?"

ಐಲಿ ಕೈ ಚಾಚಿ, ಭಾರದ ಚೀಲ ಯಾವುದೆಂದು ತಡವಿ ನೋಡಿ, ಹಗುರದ್ದನ್ನು ತೆಗೆದುಕೊಂಡಳು.