ಕುದುರೆಯ ಜೊತೆ ಇಳಿದ ಬಂಡಿ

ಗಣಿಯ ಇಳಿಜಾರಿನಲ್ಲಿ ಕಲ್ಲಿದ್ದಲು ಬಂಡಿಗೆ ಸಿಕ್ಕಿ ಸೆಯಿತ್ ಕಾಲು ಕಳೆದುಕೊಂಡು ತಿಂಗಳಾಗಿತ್ತು. ತಪ್ಪು ಯಾರದೆಂದು ತೀರ್ಮಾನಿಸಲು ಊರಿನ ಹಿರಿಯರು ಬಿಳಿ ಕಂಬಳಿ ಟೋಪಿ ಹಾಕಿಕೊಂಡು ಗಣಿಯ ಅಂಗಳದಲ್ಲಿ ಕೂತಿದ್ದರು. ಸೆಯಿತ್ ಬಂದಿರಲಿಲ್ಲ. ಅವನ ಪರವಾಗಿ ಅಕ್ಕ ಕನಿಶಾಯ್ ಬಂದಿದ್ದಳು, ಊರ ಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವವಳು. ಗಂಡಸರೆಲ್ಲ ಮಾತಾಡಿ ಮುಗಿಸಿದ ಮೇಲೆ ಅವಳ ಸರದಿ. ಅಷ್ಟರಲ್ಲಿ ಅವಳ ಚಹಾ ತಣ್ಣಗಾಗಿತ್ತು.

"ಲೆಕ್ಕ ಸರಳ," ಎಂದ ಗಣಿಯ ಎಂಜಿನಿಯರ್ ಎರ್ಕಿನ್‌ಬೆಕ್. "ಮೇಲೆ ಹಗ್ಗ ಕಳಚ್ತು, ನಿಂತಿದ್ದ ಬಂಡಿ ಹೊರಟಿತು. ಸೆಯಿತ್ ನಿಂತಿದ್ದ ಕಡೆಗೆ ನೂರ ಅರವತ್ತು ಮೀಟರು, ಇಳಿಯೋಕೆ ನಲವತ್ತು ಸೆಕೆಂಡು. ಅಂದ್ರೆ ಸೆಕೆಂಡಿಗೆ ನಾಲ್ಕು ಮೀಟರು."

"ನಮಗೆ ತಿಳಿಯೋ ಹಾಗೆ ಹೇಳೋ ಮಾರಾಯ," ಎಂದರು ಹಿರಿಯ ಓಮುರ್ಜಾಕ್.

"ನಿಮ್ಮ ಕಂದು ಕುದುರೆ ಜೊರ್ಗೊ ಹಾಕ್ಕೊಂಡು ಬರುತ್ತಲ್ಲ ಅಜ್ಜ, ಅಷ್ಟೇ."

ಜೊರ್ಗೊ ಎಂದರೆ ಕೈಯಲ್ಲಿ ಕುದುರೆ ಹಾಲಿನ ಕುಮಿಸ್ ಬಟ್ಟಲು ಹಿಡಿದು ಕೂತರೂ ತುಳುಕದ ನಡಿಗೆ. ಅಂಗಳ ನಕ್ಕಿತು.

"ಜೊರ್ಗೊಗೆ ದಾರಿ ಬಿಡೋಕಾಗ್ಲಿಲ್ವಾ? ನಮ್ಮಜ್ಜಿ ದಾರೀನೂ ಬಿಟ್ಟು, ಸವಾರಂಗೆ ನಾಲ್ಕು ಬೈದೂ ಹೋಗ್ತಾಳೆ!"

"ಕುಡಿದಿದ್ನೇನೋ ಬಿಡು."

ಕನಿಶಾಯ್ ನಗುವವರ ಮುಖ ನೋಡಿದಳು. ಇವರಲ್ಲಿ ಕೆಟ್ಟವರು ಯಾರೂ ಇಲ್ಲ. ತೊಟ್ಟಿಲಿನಿಂದ ಇಳಿದವರೇ ಜೀನು ಹತ್ತಿದವರು, ಲೋಕದ ವೇಗವನ್ನೆಲ್ಲ ಕುದುರೆಯ ನಡಿಗೆಯಲ್ಲೇ ಅಳೆಯುವವರು. ಕುದುರೆ ಒಂದು ನಡಿಗೆ ಹಿಡಿದರೆ ಈ ಊರಿಂದ ಆ ಊರಿನವರೆಗೂ ಅದೇ ನಡಿಗೆ. ಬಂಡಿಯೂ ಹಾಗೇ ಬಂತೆಂದುಕೊಂಡರು. ಅವರು ಹಾಗೆ ಅಂದುಕೊಳ್ಳುತ್ತಾರೆಂದು ಎರ್ಕಿನ್‌ಬೆಕ್‌ಗೆ ಗೊತ್ತಿತ್ತು. ಗೊತ್ತಿದ್ದೇ ಕುದುರೆಯ ಮಾತು ತೆಗೆದಿದ್ದ. ಸಂಬಳ ಕೊಡುವವರ ಪರವಾಗಿ ಹೀಗೆ ಲೆಕ್ಕ ಬಿಡಿಸುವವರು ಎಲ್ಲ ಗಣಿಯಲ್ಲೂ ಇರುತ್ತಾರೆ.

ಸರದಿ ಬಂದಾಗ ಅವಳೆದ್ದಳು. "ಅಜ್ಜ, ಎಂಜಿನಿಯರ್ ಲೆಕ್ಕ ಸರಿಯಾಗಿದೆ."

ನಗುತ್ತಿದ್ದವರು ಅವಳ ಕಡೆ ತಿರುಗಿದರು.

"ಆದ್ರೆ ನಾಲ್ಕು ಅನ್ನೋದು ಸರಾಸರಿ. ಬಂಡಿಗೆ ನಡಿಗೆ ಅನ್ನೋದು ಇಲ್ಲ. ಇಳೀತಾ ಇಳೀತಾ ಅದರ ವೇಗ ಏರ್ತಾನೇ ಇರುತ್ತೆ."

"ಶುರುವಾಯ್ತಪ್ಪ ಪಾಠ," ಎಂದ ಎರ್ಕಿನ್‌ಬೆಕ್.

"ಪಾಠ ಬೇಡ. ಅದೇ ಬಂಡಿ, ಅಷ್ಟೇ ಕಲ್ಲಿದ್ದಲು, ಹಳಿ ಪಕ್ಕ ಅಜ್ಜನ ಕುದುರೆ. ಎರಡೂ ಒಟ್ಟಿಗೆ ಇಳೀಲಿ. ಕುದುರೆಗೆ ಯಾರನ್ನ ಹತ್ತಿಸೋಣ?"

"ಯಾರನ್ನ ಅಂದ್ರೇನು? ನಾನು ಸತ್ತಿಲ್ಲ ಇನ್ನೂ," ಎಂದು ಓಮುರ್ಜಾಕ್ ಎದ್ದೇ ಬಿಟ್ಟರು.

ಹಳಿಯ ತುದಿಗೆ ಮರಳಿನ ಮೂಟೆ ಒಟ್ಟಿದರು. ಊರೆಲ್ಲ ದಿಬ್ಬದ ಮೇಲೆ ಸಾಲಾಗಿ ನಿಂತಿತು. ಅಜ್ಜ ಹಿಂದಿನಿಂದಲೇ ಜೊರ್ಗೊ ಹಿಡಿದು ಬಂದರು. ಕುದುರೆ ಬಂಡಿಯ ಸಮಕ್ಕೆ ಬಂದ ಗಳಿಗೆಯಲ್ಲಿ ಬಂಡಿಯನ್ನು ಬಿಟ್ಟರು.

ಬಂಡಿ ಕಿರುಗುಟ್ಟಿತು, ಮಿಸುಕಿತು. ಅಷ್ಟರಲ್ಲಿ ಕುದುರೆ ಎಲ್ಲೋ ಮುಂದೆ.

"ನಿಮ್ಮ ಬಂಡಿಗೆ ನಿದ್ದೆ ಬಂದಿದೆ ಟೀಚರಮ್ಮ!"

"ಹುಲ್ಲು ಹಾಕ್ರೋ ಅದಕ್ಕೆ!"

ಕುದುರೆ ಅರ್ಧ ದಾರಿ ದಾಟಿತು. ಬಂಡಿ ಕಾಲು ಭಾಗದಲ್ಲಿತ್ತು. ಆಮೇಲೆ ನಗು ಕಡಿಮೆಯಾಯಿತು. ಹಳಿಯ ಕಿರುಗುಟ್ಟುವ ಸದ್ದು ಗುಡುಗಾಗಿ, ನಡುವಿನ ಅಂತರ ಕರಗತೊಡಗಿತು. ಅಜ್ಜ ತಿರುಗಿ ನೋಡಲಿಲ್ಲ, ನಡಿಗೆ ಕೆಡಿಸಲಿಲ್ಲ. ಕೆಳಗೆ, ಸೆಯಿತ್ ನಿಂತಿದ್ದ ಜಾಗದಲ್ಲಿ, ಬಂಡಿ ಕುದುರೆಯ ಮಗ್ಗುಲಿಗೆ ಬಂತು, ಬಂದದ್ದೇ ಮುಂದಕ್ಕೆ ನುಗ್ಗಿ ಮೂಟೆಗಳನ್ನು ಸೀಳಿತು. ಮರಳು ಎದ್ದು ಅಜ್ಜನ ಗಡ್ಡದವರೆಗೂ ಬಂತು.

ಓಮುರ್ಜಾಕ್ ಕುದುರೆ ಇಳಿದು ಸೀಳಿದ ಮೂಟೆಗಳ ಹತ್ತಿರ ಹೋದರು.

"ಇಲ್ಲಿಗೆ ಬಂದಿದ್ದು ಜೊತೇಲೇ ತಾನೇ?" ಎಂದ ಎರ್ಕಿನ್‌ಬೆಕ್.

"ಜೊತೇಲೇ ಕಣೋ. ಆದ್ರೆ ನಾನು ಬಂದಿದ್ದು ಜೊರ್ಗೊದಲ್ಲಿ, ಅದು ಬಂದಿದ್ದು ನಾಗಾಲೋಟದಲ್ಲಿ."

ಕನಿಶಾಯ್ ಮೆಲ್ಲಗೆ ಹೇಳಿದಳು: "ಮೇಲೆ ವೇಗ ಸೊನ್ನೆ. ಅಲ್ಲಿಂದ ಒಂದೇ ಸಮ ಏರಿ ಕೆಳಗೆ ಬರೋ ಹೊತ್ತಿಗೆ ಎಂಟು. ಸೊನ್ನೆಗೂ ಎಂಟಕ್ಕೂ ನಟ್ಟನಡುವೆ ಇರೋದು ನಾಲ್ಕು, ಅದೇ ಸರಾಸರಿ. ನನ್ನ ತಮ್ಮ ನಿಂತಿದ್ದು ನಡುವೆ ಅಲ್ಲ. ಇಲ್ಲಿ."

"ನಾನೇನೂ ಸುಳ್ಳು ಹೇಳ್ಲಿಲ್ಲ."

"ಇಲ್ಲಪ್ಪ. ಕಾಲೇಜಲ್ಲಿ ನನ್ನ ಹಿಂದಿನ ಬೆಂಚಲ್ಲಿ ಕೂತು ಇದನ್ನೇ ಕಲಿತೋನು ನೀನು. ಕಲಿತಿದ್ರಲ್ಲಿ ಅರ್ಧ ಹೇಳಿದೆ, ಇನ್ನರ್ಧ ನುಂಗಿದೆ."

ಓಮುರ್ಜಾಕ್ ಗಡ್ಡದ ಮರಳು ಕೊಡವಿದರು. "ಹುಡುಗನ ತಪ್ಪು ಅಂತ ಇನ್ಮೇಲೆ ಯಾರೂ ಬಾಯಿ ಬಿಡಬಾರದು. ಹಗ್ಗ ಯಾಕೆ ಕಳಚ್ತು ಅಂತ ನಾಳೆ ಕೇಳ್ತೀವಿ."

"ಹಗ್ಗದ ಕೊಕ್ಕೆ ಚೆನ್ನಾಗೇ ಇತ್ತು. ಇರಲಿಲ್ಲ ಅನ್ನೋರು ಯಾರಾದ್ರೂ ಇದ್ರೆ ಮುಂದೆ ಬರಲಿ," ಎಂದ ಎರ್ಕಿನ್‌ಬೆಕ್. ಗಣಿಯ ಆಳುಗಳು ತಮ್ಮ ತಮ್ಮ ಬೂಟು ನೋಡಿಕೊಂಡರು. ಎಲ್ಲರ ಮನೆಯ ಒಲೆಯೂ ಆ ಗಣಿಯಿಂದಲೇ ಉರಿಯಬೇಕು.

ಮನೆಯಲ್ಲಿ ಸೆಯಿತ್ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವಳು ನಡೆದದ್ದನ್ನೆಲ್ಲ ಹೇಳಿದಳು. ಕುದುರೆ ಮುಂದಾದದ್ದು, ಜನ ನಕ್ಕದ್ದು, ಕೊನೆಗೆ ಬಂಡಿ ನುಗ್ಗಿದ್ದು.

"ಜೊರ್ಗೊಗಿಂತ ಎರಡರಷ್ಟು ವೇಗಾನಾ?" ಎಂದು ಅವನು ಈ ಕಡೆ ತಿರುಗಿದ.

"ಎರಡರಷ್ಟು."

"ಬಂಡಿ ಮೇಲೆ ಹೊರಟಿದ್ದು ಕಂಡಿತ್ತಕ್ಕ ನನಗೆ. ಮೆಲ್ಲಗೆ ಬರ್ತಿತ್ತು. ಟೈಮಿದೆ, ಸಲಿಕೆ ತಗೊಂಡು ಸರಿದ್ರಾಯ್ತು ಅಂದ್ಕೊಂಡೆ. ಇಷ್ಟು ದಿನ ನನಗೆ ನಾನೇ ಬೈಕೊಂಡಿದ್ದೀನಿ, ಜೊರ್ಗೊಗೆ ದಾರಿ ಬಿಡದ ಕತ್ತೆ ನಾನು ಅಂತ."

ಅವಳು ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಆ ಕೈ ಹಿಡಿದುಕೊಂಡ.

"ಆ ಕೊಕ್ಕೆ ಬಿರುಕು ಬಿಟ್ಟಿತ್ತು. ಎರ್ಕಿನ್‌ಬೆಕ್‌ಗೆ ನಾನೇ ತೋರಿಸಿದ್ದೆ."

"ಯಾಕೋ ಹೇಳ್ಲಿಲ್ಲ ಮತ್ತೆ?"

"ತಪ್ಪು ನಂದೇ ಅಂದ್ಮೇಲೆ ಯಾವ ಬಾಯಲ್ಲಿ ಹೇಳ್ಲಿ?" ಅವನು ಮೊಣಕೈ ಊರಿ ಎದ್ದು ಕೂತ. "ನಾಳೆ ಹೊತ್ಕೊಂಡಾದ್ರೂ ನನ್ನ ಅಲ್ಲಿಗೆ ಕರ್ಕೊಂಡು ಹೋಗಿ. ಈಗ ಸ್ವಲ್ಪ ಬಿಸಿನೀರು ಕೊಡಕ್ಕ, ಗಡ್ಡ ಹೆರ್ಕೋಬೇಕು."