ಎರಡೂ ಕಡೆಯವರ ಸಹಿ

ಎಪ್ಪತ್ತನಾಲ್ಕನೇ ಇಸವಿಯಲ್ಲಿ ಹೊರಕೆರೆದೇವಪುರದ ಶಿವಕುಮಾರಪ್ಪ ಮೇಷ್ಟ್ರಿಗೆ ಶಾಂತಿಯ ಹುಚ್ಚು ಹಿಡಿಯಿತು. ಅಂಚೆಯಲ್ಲೇ ಓದಿ ಶಾಂತಿ ಮತ್ತು ಕಲಹ ಪರಿಹಾರದಲ್ಲಿ ಪದವಿ ಪಡೆಯಬಹುದೆಂಬ ಜಾಹೀರಾತು ಪತ್ರಿಕೆಯಲ್ಲಿ ಕಂಡಿದ್ದೇ ತಡ, ಮೂರು ಕಾಲೇಜುಗಳಿಂದ ಮಾಹಿತಿ ಪುಸ್ತಕ ತರಿಸಿಕೊಂಡರು. ಒಂದರ ಶುಲ್ಕ ಕೇಳಿದರೆ ಇದ್ದಬದ್ದ ಶಾಂತಿಯೂ ಹಾರಿಹೋಗುವಂತಿತ್ತು. ಇನ್ನೊಂದಕ್ಕೆ ವರ್ಷಕ್ಕೊಂದು ತಿಂಗಳು ದೆಹಲಿಯಲ್ಲಿ ಬಿದ್ದಿರಬೇಕು. ಮೂರನೆಯದು ಅಗ್ಗ, ಪುಸ್ತಕ ಪುಕ್ಕಟೆ, ಪರೀಕ್ಷೆ ಚಿತ್ರದುರ್ಗದಲ್ಲೇ. ಬಿ.ಎ.ಯಲ್ಲಿ ಮೂರನೇ ದರ್ಜೆ ಬಂದವನಿಗೆ ಇದಕ್ಕಿಂತ ಒಳ್ಳೆಯ ಶಾಂತಿ ಎಲ್ಲಿ ಸಿಕ್ಕೀತು ಎಂದು ಮೇಷ್ಟ್ರು ತಮ್ಮನ್ನು ತಾವೇ ಗೇಲಿ ಮಾಡಿಕೊಂಡರು.

ಆದರೆ ಅರ್ಜಿಯ ಕೊನೆಯಲ್ಲಿ ಒಂದು ಕೊಕ್ಕೆ ಇತ್ತು. ಅಭ್ಯರ್ಥಿ ತಾನೇ ಬಗೆಹರಿಸಿದ ಒಂದು ಜಗಳದ ವಿವರ ಬರೆದು, ಎರಡೂ ಕಡೆಯವರ ಸಹಿ ಇರುವಂತೆ ಕಳಿಸಬೇಕು. ಮೇಷ್ಟ್ರು ತಲೆ ಕೆರೆದುಕೊಂಡರು. ನಲವತ್ತು ವರ್ಷದಲ್ಲಿ ಅವರು ಬಗೆಹರಿಸಿದ ಜಗಳ ಒಂದೂ ಇರಲಿಲ್ಲ, ಹಚ್ಚಿದವು ಬೇಕಾದಷ್ಟಿದ್ದವು.

"ಊರೆಲ್ಲಾ ಯಾಕ್ ಹುಡುಕ್ತೀರಿ? ಗೋಡೆ ಆಚೆಗೇ ಐತಲ್ಲ," ಎಂದಳು ಹೆಂಡತಿ ವೀರಮ್ಮ, ರೊಟ್ಟಿ ತಟ್ಟುತ್ತಲೇ.

ಗೋಡೆಯಾಚೆ ಇದ್ದವನು ಒಡಹುಟ್ಟಿದ ತಮ್ಮ ಪರಮೇಶ್ವರಪ್ಪ. ಸುಗ್ಗಿ ಮುಗಿದ ಮೇಲೆ ಕುರಿ ಕಾಯುವ ಓಬಯ್ಯನ ಮಂದೆ ಹೊಲದಲ್ಲಿ ನಾಲ್ಕು ದಿನ ತಂಗಿದರೆ ಗೊಬ್ಬರಕ್ಕೆ ಬೇರೆ ಯೋಚನೆಯೇ ಬೇಡ. ಅಣ್ಣತಮ್ಮಂದಿರದು ವರ್ಷಕ್ಕೊಬ್ಬರ ಸರದಿ. ಮೂರು ವರ್ಷದ ಹಿಂದೆ ಪರಮೇಶ್ವರಪ್ಪನ ಸರದಿಯನ್ನು ಮೇಷ್ಟ್ರು, ಹಿರಿಯನೆಂಬ ಗತ್ತಿನಲ್ಲಿ, ಸ್ವಂತ ಹೊಲಕ್ಕೆ ತಿರುಗಿಸಿಕೊಂಡಿದ್ದರು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಕುರಿ ಹಿಕ್ಕೆಗಾಗಿ ಮಾತು ಬಿಟ್ಟ ಪದವೀಧರ ಇಡೀ ಜಿಲ್ಲೆಗೆ ತಾನೊಬ್ಬನೇ ಇರಬೇಕು ಎಂದು ಅವರಿಗೆ ಎಷ್ಟೋ ಸಲ ಅನಿಸಿತ್ತು. ತಮ್ಮನಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು. ಹಾಳಾದ ಬಿಗುಮಾನ, ಹೋಗಲು ಬಿಡುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ಅರ್ಜಿಯನ್ನು ಜೇಬಿಗೆ ತುರುಕಿಕೊಂಡು ಹೋಗಿಯೇ ಬಿಟ್ಟರು.

"ಪರಮೇಶಿ, ತಪ್ಪು ನಂದೇ ಕಣಪ್ಪ. ಈ ಸಲ ಮಂದೆ ನಿನ್ನ ಹೊಲಕ್ಕೇ. ಓಬಯ್ಯಂಗೂ ಹೇಳಿ ಬಂದೀನಿ."

ಪರಮೇಶ್ವರಪ್ಪನ ಕಣ್ಣು ತುಂಬಿತು. "ಅಣ್ಣಾ, ಕುರಿ ಹಾಳಾಗ್ಲಿ. ನೀನು ಬಂದ್ಯಲ್ಲ, ಅಷ್ಟು ಸಾಕು. ಕುಂತ್ಕ. ಲೇ, ಅಣ್ಣ ಬಂದಾನೆ, ಕಾಫಿ ಇಡು!" ಎಂದು ಒಳಗೆ ಕೂಗಿದ. ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದರು, ಸತ್ತ ಅವ್ವನನ್ನು ನೆನೆದರು, ಹೊಟ್ಟೆತುಂಬ ನಕ್ಕರು. ಇಷ್ಟು ದಿನ ಎಲ್ಲಿ ಹೋಗಿತ್ತೋ ಈ ಸುಖ ಎನಿಸಿತು ಮೇಷ್ಟ್ರಿಗೆ.

ಅಷ್ಟಕ್ಕೇ ಎದ್ದು ಬಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ಅರ್ಜಿಗೆ ಬುಧವಾರ ಕೊನೇ ದಿನ. ಕೈ ಜೇಬಿಗೆ ಹೋಯಿತು.

"ಇಲ್ಲೊಂದು ಸಹಿ ಹಾಕಪ್ಪ. ಜಗಳ ಬಗೆಹರೀತು ಅಂತ. ಕಾಲೇಜಿಗೆ ಕಳಿಸ್ಬೇಕು."

ಪರಮೇಶ್ವರಪ್ಪ ಕಾಗದವನ್ನು ಮೇಲಿಂದ ಕೆಳಗಿನವರೆಗೆ ಓದಿದ. ಮುಖ ಸಣ್ಣದಾಯಿತು.

"ಇದಕ್ಕೇನಣ್ಣ ನೀನು ಬಂದಿದ್ದು?"

"ಛೆ ಛೆ, ಹಂಗಲ್ಲಪ್ಪ..." ಎಂದು ಮೇಷ್ಟ್ರು ತೊದಲಿದರು.

ಪರಮೇಶ್ವರಪ್ಪ ಪೆನ್ನು ಇಸಕೊಂಡು ಗುಂಡಗೆ ಸಹಿ ಹಾಕಿದ. ಕಾಗದವನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

"ತಗಳ್ರಿ ಮೇಷ್ಟ್ರೇ. ಹೋಗಿ ಬರ್ರಿ."

ಒಳಗಿನಿಂದ ಬಂದ ಕಾಫಿ ಲೋಟದಲ್ಲೇ ಆರಿತು. ಮೇಷ್ಟ್ರು ಅರ್ಜಿ ಹಿಡಿದು ಅಂಗಳದಲ್ಲಿ ನಿಂತೇ ಇದ್ದರು. ಮಂದೆಗಾಗಿ ಹೊಲದಲ್ಲಿ ಕೊರಳಪಟ್ಟಿ ಹಿಡಿದು ಕಿತ್ತಾಡಿದ ದಿನ ಕೂಡ ಪರಮೇಶಿ ಅವರನ್ನು ಅಣ್ಣಾ ಎಂದೇ ಬೈದಿದ್ದ.